ಮಂಡ್ಯ-ಮೈಸೂರು ಕಡೆ ಪಾಪು ದತ್ತು ತಗೊಂಡೋರು ಇದ್ದೀರಾ? ಎಲ್ಲಿಂದ ಶುರು ಮಾಡೋದು ಗೊತ್ತಾಗ್ತಿಲ್ಲ

ಕಬ್ಬಿನಹಾಲು
ಎಲ್ರಿಗೂ ನಮಸ್ಕಾರ. ನಾವು ಮಂಡ್ಯದೋರು, ಮದ್ವೆಯಾಗಿ 13 ವರ್ಷ, ನನಗೆ 39 ನಮ್ಮೆಜಮಾನ್ರಿಗೆ 44. ಮೈಸೂರಲ್ಲಿ ಮೂರು ಸಲ ಐವಿಎಫ್ ಮಾಡ್ಸಿ ಇನ್ನು ಸಾಕಪ್ಪ ಅಂತ ನಾವೇ ನಿಲ್ಸಿದ್ವಿ. ಈಗ ಪುಟ್ಟ ಪಾಪು ದತ್ತು ತಗೊಳ್ಳೋಣ ಅಂತಿದೀವಿ ಆದ್ರೆ ಒಬ್ಬೊಬ್ರು ಒಂದೊಂದ್ ಹೇಳ್ತಾರೆ, ಆಶ್ರಮಕ್ಕೆ ಹೋಗಿ ಕೇಳಿದ್ರೆ ಕೊಡ್ತಾರೆ ಅಂತ ಒಬ್ರು, ಲಕ್ಷಗಟ್ಲೆ ಸುರೀಬೇಕು ಅಂತ ಇನ್ನೊಬ್ರು. ಯೂಟ್ಯೂಬ್ ನೋಡಿದ್ರೆ ಅಮೆರಿಕದಲ್ಲಿ ಹೆತ್ತ ತಾಯಿನೇ ಆಲ್ಬಮ್ ನೋಡಿ ಅಪ್ಪ ಅಮ್ಮನ್ನ ಆರಿಸ್ತಾಳಂತೆ, ಇಲ್ಲೂ ಹಂಗೇನಾ? ಇನ್ನೊಂದ್ ವಿಷ್ಯ, ನಮ್ಮತ್ತೆಗೆ ಪರಿಚಯದ ಆಯಾ ಒಬ್ಳು "ನರ್ಸಿಂಗ್ ಹೋಮಿಗೆ ಮದ್ವೆ ಆಗ್ದಿರೋ ಹುಡ್ಗಿ ಹೆರಿಗೆಗೆ ಬತ್ತಾಳೆ, ನಿಮ್ ಹೆಸ್ರಲ್ಲೇ ಬರ್ಸ್‌ಬುಡುವ" ಅಂತಾವ್ಳೆ. ಅತ್ತೆಗೆ ಆಸೆ, ನನಗೆ ಭಯ.

ಕುಕ್ಕರಹಳ್ಳಿ ವಾಕರ್
ಮೊದ್ಲು ಆ ಆಯಾಗೆ ಫೋನ್ ಮಾಡಿ ಬೇಡ ಅಂತ ಹೇಳಿ, ಆಮೇಲೆ ಮುಂದಿಂದು ಓದಿ.

ನಮ್ದು ಮೈಸೂರು, ಮಗಳು ಬಂದು ಎರಡೂವರೆ ವರ್ಷ ಆಯ್ತು. ಇಲ್ಲಿ ಹೆತ್ತೋಳು ಆರಿಸೋದೂ ಇಲ್ಲ, ನಾವು ಆಶ್ರಮಕ್ಕೆ ಹೋಗಿ ಕಣ್ಣಿಗೆ ಚೆನ್ನಾಗ್ ಕಂಡ ಮಗು ಎತ್ಕೊಂಡ್ ಬರೋದೂ ಇಲ್ಲ. ಎಲ್ಲಾ ಕಾರಾ (CARA, ದತ್ತು ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) ಪೋರ್ಟಲ್ ಮೂಲಕ, ದೇಶಕ್ಕೆಲ್ಲ ಒಂದೇ ಕ್ಯೂ. ರಿಜಿಸ್ಟರ್ ಮಾಡಿ 30 ದಿನದೊಳಗೆ ದಾಖಲೆ ಅಪ್‌ಲೋಡ್ ಮಾಡ್ಬೇಕು, ಪ್ಯಾನು, ಇಬ್ರದ್ದೂ ಜನನ ಪ್ರಮಾಣಪತ್ರ, ಆದಾಯದ್ದು, ಡಾಕ್ಟರ್ ಸರ್ಟಿಫಿಕೇಟು, ಮದ್ವೆ ಸರ್ಟಿಫಿಕೇಟು ಇವೆಲ್ಲ. ಆಮೇಲೆ ಹೋಮ್ ಸ್ಟಡಿ, ಅಂದ್ರೆ ಮನೆಗೇ ಬಂದು ನಮ್ಮನ್ನೆಲ್ಲ ಮಾತಾಡ್ಸಿ ರಿಪೋರ್ಟ್ ಬರೀತಾರೆ. ಅದ್ರ ಫೀಸು 6,000, ಕೊಟ್ಟಿದ್ದಕ್ಕೆಲ್ಲ ರಸೀದಿ ಸಿಗುತ್ತೆ, ರಸೀದಿ ಇಲ್ದೆ ಯಾರಾದ್ರೂ ಕೇಳಿದ್ರೆ ಅಲ್ಲೇ ನಿಲ್ಸಿ.

ಹೋಮ್ ಸ್ಟಡಿ ಅಂದಾಗ ನಾನು ದಸರಾಗೆ ಮಾಡ್ದಂಗೆ ಮನೆ ತೊಳ್ದು ಪರದೆ ಎಲ್ಲಾ ಬದ್ಲಾಯ್ಸಿದ್ದೆ. ಬಂದ ಮೇಡಮ್ಮು ಪರದೆ ಕಡೆ ತಿರುಗೂ ನೋಡ್ಲಿಲ್ಲ, ಸೀದಾ ಅಡುಗೆಮನೆಗೆ ಹೋಗಿ ಅವರೆಕಾಯಿ ಸುಲೀತಿದ್ದ ನಮ್ಮತ್ತೆ ಪಕ್ಕ ಕೂತು, ತಾನೂ ನಾಲ್ಕು ಕಾಯಿ ಸುಲೀತಾ "ಅಮ್ಮ, ಈ ಮಗುಗೆ ಆಸ್ತೀಲಿ ಪಾಲು ಉಂಟಾ?" ಅಂದ್ರು. ನಮ್ಮತ್ತೆ ಕೈ ನಿಂತೋಯ್ತು. ಸುಮಾರ್ ಹೊತ್ತಾದ್ಮೇಲೆ "ಇನ್ಯಾರಿಗ್ ಕೊಡ್ಲಿ?" ಅಂದ್ರು. ಆ ಒಂದ್ ಮಾತಿಗೆ ನಮ್ ರಿಪೋರ್ಟ್ ಪಾಸಾಯ್ತು ಅಂತ ನಮ್ಮೆಜಮಾನ್ರು ಈಗ್ಲೂ ತಮಾಷೆ ಮಾಡ್ತಾರೆ. ಹಂಗಾಗಿ ಅತ್ತೆನ ಮೊದ್ಲೇ ಒಪ್ಸಿಟ್ಕೊಳ್ಳಿ.

ಆಮೇಲೆ ಕಾಯೋದು. ಆರೋಗ್ಯವಾಗಿರೋ ಎಳೇ ಪಾಪು ಬೇಕು ಅಂದ್ರೆ ಮೂರು ವರ್ಷ, ಅದಕ್ಕೂ ಮೇಲೆ ಅಂತ ಮನಸ್ಸಲ್ಲಿ ಇಟ್ಕೊಳ್ಳಿ. ನಮಗೆ ರೆಫರಲ್ ಮೆಸೇಜ್ (ನಿಮಗೊಂದು ಮಗು ಇದೆ ಅಂತ ತಿಳ್ಸೋದು) ಬಂದಾಗ ನಂಜನಗೂಡಲ್ಲಿ ನಾದಿನಿ ಮಗನ ನಾಮಕರಣದ ಪಂಕ್ತೀಲಿ ಕೂತಿದ್ವಿ. 48 ಗಂಟೆ ಒಳಗೆ ಲಾಗಿನ್ ಆಗಿ ಕಾಯ್ದಿರಿಸ್ಬೇಕು, ಇಲ್ಲಾಂದ್ರೆ ಕೈ ತಪ್ತದೆ, ಎಂಜಲ್ ಕೈಲೇ ಫೋನ್ ಹಿಡ್ಕೊಂಡು ಓಡಿದ್ದು. ಮಗು ಫೋಟೋ, ಮೆಡಿಕಲ್ ರಿಪೋರ್ಟ್ ಬರುತ್ತೆ, ನಮ್ ಡಾಕ್ಟರ್‌ಗೆ ತೋರ್ಸ್ಬೋದು, ಹೋಗಿ ಮಗು ನೋಡ್ಬೋದು, ಒಪ್ಪೋಕೆ 30 ದಿನ ಟೈಮಿದೆ.

ಬೆಲ್ಲದಚ್ಚು
ಅಕ್ಕೋ ಆಯಾ ಮಾತ್ ಕೇಳ್ಬ್ಯಾಡಿ. ನಮ್ ಷಡ್ಡಕ ಹಿಂಗೇ ಛಾಪಾಕಾಗ್ದದಲ್ಲಿ ಬರ್ಸ್ಕಂಡು ಮಗ ತಂದಿದ್ದ, ಎಂಟ್ ತಿಂಗ್ಳು ರಾಜನಂಗೆ ಸಾಕುದ್ರು, ಯಾರೋ ಮಕ್ಕಳ ಸಹಾಯವಾಣಿ 1098ಗೆ ಫೋನ್ ಮಾಡುದ್ರು, ಬಂದು ಮಕ್ಕಳ ಕಲ್ಯಾಣ ಸಮಿತಿ ಮುಂದ್ಕೆ ಕರ್ಕಂಡೋದ್ರು. ಮಗ ವಾಪಸ್ ಬರ್ನಿಲ್ಲ. ನಮ್ ನಾದ್ನಿ ಆ ಬಾಲೇಪಾಪು ಸ್ವೆಟರ್ ಇನ್ನೂ ಬೀರುನಲ್ಲೇ ಮಡಗವ್ಳೆ. ಮಗ ಮಾರುದ್ರೂ ತಕಂಡ್ರೂ 5 ವರ್ಷದ್‌ಗಂಟ ಜೈಲು, 1 ಲಕ್ಷ ದಂಡ, ಆಸ್ಪತ್ರೆಯೋರೇ ಶಾಮೀಲಾಗಿದ್ರೆ ಕಮ್ಮಿ ಅಂದ್ರೂ 3 ವರ್ಷ, 7ರ್‌ಗಂಟ. ಆ ಹೆಣ್‌ಮಗಿಗೆ ಸಾಕಕ್ಕಾಗಲ್ಲ ಅಂದ್ರೆ ಅವ್ಳೇ ಸಮಿತಿ ಮುಂದೆ ಒಪ್ಪಿಸ್ಬೋದು, ಮನ್ಸ್ ಬದ್ಲಾದ್ರೆ ವಾಪಸ್ ಕೇಳಕ್ಕೆ 60 ದಿನ ಟೈಮ್ ಕೊಡ್ತಾರೆ. ಅದೂ ನ್ಯಾಯನೇ ಅಲ್ವಾ.

ಫೈಲ್ ನಂಬರ್ ಎಷ್ಟು
ದತ್ತು ಅಂದ್ರೆ ಕೋರ್ಟ್ ಅಲೆದಾಟ ಇದೆ, ಒಳ್ಳೆ ಲಾಯರ್ ಇಟ್ಕೊಳ್ಳಿ.

ಕುಕ್ಕರಹಳ್ಳಿ ವಾಕರ್
ಅದು ಹಳೇ ಕಥೆ ಸಾರ್. 2022 ಸೆಪ್ಟೆಂಬರಿಂದ ಆದೇಶ ಕೊಡೋದು ಡಿಸಿ. ಮೊದ್ಲು ಪ್ರೀ ಅಡಾಪ್ಷನ್ ಫಾಸ್ಟರ್ ಕೇರ್ ಅಂತ ಮಗು ಮನೆಗೆ ಬರುತ್ತೆ, ಡಿಸಿ ಆದೇಶ ಆಮೇಲೆ. ಎರಡು ವರ್ಷ ಆರಾರು ತಿಂಗ್ಳಿಗೊಂದ್ಸಲ ಬಂದು ನೋಡ್ಕೊಂಡ್ ಹೋಗ್ತಾರೆ ಅಷ್ಟೇ. ನೀವ್ ಹೇಳ್ತಿರೋದು ನೆಂಟರ ಮಗು ತಗೊಳ್ಳೋ 1956ರ ಹಿಂದೂ ದತ್ತು ಕಾಯ್ದೆದು ಇರ್ಬೋದು, ಅಲ್ಲೂ ಸಾಮಾನ್ಯವಾಗಿ ಪತ್ರ ನೋಂದಣಿ ಮಾಡ್ಸಿದ್ರೆ ಮುಗೀತು.

ಕಬ್ಬಿನಹಾಲು ಅವ್ರೇ, ಮುಖ್ಯವಾದ್ದೇ ಬಿಟ್ಟೋಯ್ತು, ನಿಮ್ ವಯಸ್ಸು. 2 ವರ್ಷದೊಳಗಿನ ಮಗು ಬೇಕಂದ್ರೆ ಇಬ್ರ ವಯಸ್ಸು ಕೂಡಿ 85 ದಾಟ್ಬಾರ್ದು. ನಿಮ್ದು ಈಗ 83. ಒಂದ್ ವರ್ಷ ಹೋದ್ರೆ ಲೆಕ್ಕ ಒಂದಲ್ಲ ಎರಡು ಏರುತ್ತೆ. ಹಬ್ಬ ಆಗ್ಲಿ, ಆಷಾಢ ಕಳೀಲಿ ಅಂತ ಕೂರ್ಬೇಡಿ, ಈ ವಾರನೇ ರಿಜಿಸ್ಟರ್ ಮಾಡಿ. 2ರಿಂದ 4 ವರ್ಷದ ಮಗು ಆದ್ರೂ ಸರಿ ಅಂದ್ರೆ 90ರವರೆಗೂ ನಡಿಯುತ್ತೆ, ಅದನ್ನೂ ಮನೇಲಿ ಮಾತಾಡ್ಕೊಳ್ಳಿ. ಫಾರಂ ತುಂಬೋದು ಗೊತ್ತಾಗ್ದಿದ್ರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ.

ಕಬ್ಬಿನಹಾಲು
ಅಯ್ಯೋ ಕೂಡ್ಸಿ ಲೆಕ್ಕ ಹಾಕೋದು ಗೊತ್ತೇ ಇರ್ಲಿಲ್ಲ ಕಣ್ರೀ. ಒಂದ್ ಕೇಳ್ಲಾ, ಬೇರೆ ಕಡೆ ಬೆಳ್ದಿರೋ ಪಾಪು, ಬೇಗ ಹೊಂದ್ಕೊಳುತ್ತಾ?

ಕುಕ್ಕರಹಳ್ಳಿ ವಾಕರ್
ನಮ್ದು ಮೊದಲ್ನೇ ರಾತ್ರಿ ಒಂದೇ ಸಮ ಅತ್ತಳು. ಹಾಲು ಬೇಡ, ತೊಟ್ಟಿಲು ಬೇಡ, ಎತ್ಕೊಂಡ್ರೂ ಇಲ್ಲ. ರಾತ್ರಿ ಎರಡು ಗಂಟೇಲಿ ಬಾಟ್ಲು ಹುಡ್ಕೋಕೆ ಅಂತ ಟ್ಯೂಬ್‌ಲೈಟ್ ಹಾಕ್ದೆ, ಟಪ್ ಅಂತ ಸುಮ್ನಾದ್ಲು. ಅವ್ಳಿದ್ದ ಕಡೆ ರಾತ್ರಿಯೆಲ್ಲ ಲೈಟ್ ಉರೀತಿತ್ತಂತೆ. ನಾಲ್ಕು ತಿಂಗ್ಳು ನಾವೂ ಲೈಟಲ್ಲೇ ಮುಖಕ್ಕೆ ಟವಲ್ ಹಾಕ್ಕೊಂಡ್ ಮಲಗಿದ್ವಿ. ಈಗ ಅವ್ಳೇ ಸ್ಟೂಲ್ ಹತ್ತಿ ಸ್ವಿಚ್ ಆರಿಸ್ತಾಳೆ.

ಕಬ್ಬಿನಹಾಲು
ಓದಿ ಅಳು ಬಂತು. ಆಯಾಗೆ ಬೇಡ ಅಂತ ಹೇಳಾಯ್ತು. ಈಗ ಹೊಸ ತಲೆನೋವು, ನಮ್ ಮದ್ವೆ ರಿಜಿಸ್ಟರೇ ಆಗಿಲ್ಲ!

ಬೆಲ್ಲದಚ್ಚು
ಅದೇನ್ ದೊಡ್ ಕ್ಯಾಮೆ ಅಲ್ಲ, ಲಗ್ನಪತ್ರಿಕೆ, ಮದ್ವೆ ಫೋಟೋ, ಸಾಕ್ಷಿ ಕರ್ಕಂಡು ಸಬ್ ರಿಜಿಸ್ಟ್ರಾರ್ ಆಫೀಸ್ಗೆ ಹೋಗಿ, ಎಷ್ಟ್ ವರ್ಷ ಆಗಿದ್ರೂ ಮಾಡ್ಕೊಡ್ತಾರೆ.

ಕಬ್ಬಿನಹಾಲು
13 ವರ್ಷದ ಹಿಂದಿನ ಲಗ್ನಪತ್ರಿಕೆ ಎಲ್ಲಿ ಸಿಗ್ಬೇಕು ಅಂತ ಗೊಣಗ್ತಿದ್ದೆ, ನಮ್ಮತ್ತೆ ಕೇಳುಸ್ಕೊಂಡು ಏನೂ ಮಾತಾಡ್ದೆ ಎದ್ದೋಗಿ ಟ್ರಂಕ್ ತೆಗೀತಾವ್ರೆ. ನುಸಿಗುಳಿಗೆ ವಾಸ್ನೆ ಹಾಲ್‌ವರ್ಗೂ ಬರ್ತಿದೆ.