'ಫ್ಲಡ್ ರಿಸ್ಕ್'ಗೆ ಏನನ್ನೋಣ? ಕೊಟ್ಟಿಗೆ ಮನೆಯಾಗುವಾಗ ಎದ್ದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನಲ್ಲಿ ಹಳೆಯ ಕೊಟ್ಟಿಗೆ, ಕಣಜಗಳನ್ನು ವಾಸದ ಮನೆ ಮಾಡುವುದರ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅಲ್ಲಿ 'ಕ್ಲಾಸ್ ಕ್ಯೂ' ಎಂಬ ನಿಯಮವಿದೆ. ಅದರಡಿ ಬೇಸಾಯದ ಕಟ್ಟಡವನ್ನು ಪೂರ್ತಿ ಪ್ಲಾನಿಂಗ್ ಅರ್ಜಿ (ಕಟ್ಟಡ ಕಟ್ಟಲು, ಬದಲಿಸಲು ಅನುಮತಿ ಕೇಳುವ ಅರ್ಜಿ) ಹಾಕದೆಯೇ ಮನೆ ಮಾಡಬಹುದು. ಆದರೆ ಸ್ಥಳೀಯ ಆಡಳಿತದಿಂದ ಮೊದಲೇ ಒಪ್ಪಿಗೆ ಪಡೆಯಬೇಕು. ಅವರು ನೋಡುವ ವಿಷಯಗಳಲ್ಲಿ 'ಫ್ಲಡ್ ರಿಸ್ಕ್' ಕೂಡ ಒಂದು. ಅದನ್ನು ಕನ್ನಡದಲ್ಲಿ ಏನನ್ನಬೇಕು? ನಾನು ಸಿಕ್ಕಿಕೊಂಡಿರುವುದು ಅಲ್ಲೇ.

'ಫ್ಲಡ್'ಗೆ 'ನೆರೆ' ಅಂತ ಇಟ್ಟುಕೊಂಡಿದ್ದೇನೆ. 'ಪ್ರವಾಹ' ಅಂದರೆ ಹರಿವು. ಇಲ್ಲಿ ಹೊಳೆ ಉಕ್ಕಿ ಬರುವ ನೀರಿನ ಜೊತೆಗೆ ಅಂಗಳದಲ್ಲಿ ಸುಮ್ನೆ ನಿಂತ ಮಳೆನೀರೂ ಸೇರುತ್ತದೆ, ನೆಲದಡಿಯಿಂದ ಒಸರುವ ನೀರೂ ಸೇರುತ್ತದೆ. ಹಳಗನ್ನಡದ 'ನೆಱೆ'ಗೆ ತುಂಬು ಎಂಬ ಅರ್ಥ ಇದೆಯಲ್ಲ, ಅದು ಇವೆಲ್ಲಕ್ಕೂ ಹೊಂದುತ್ತದೆ. ನೆರೆಹೊರೆಯ 'ನೆರೆ' ಬೇರೆ ಪದ.

ತೊಡಕಿರುವುದು 'ರಿಸ್ಕ್'ನಲ್ಲಿ. ಪತ್ರಿಕೆಗಳು 'ಪ್ರವಾಹ ಭೀತಿ' ಅಂತ ಬರೆಯುತ್ತವೆ. ಅದು ಜನರ ಮನಸ್ಸಿನಲ್ಲಿರುವುದು, ಅಳೆಯಲು ಬರುವುದಲ್ಲ. 'ನೆರೆ ಹಾವಳಿ' ಅಂದರೆ ನೀರು ಬಂದು ಹಾಳುಗೆಡವಿ ಆಯಿತು. ಉಳಿಯುವುದು 'ಅಪಾಯ'. ಆದರೆ ನಾವು 'ಹಜಾರ್ಡ್'ಗೂ (ಕೆಡುಕು ಮಾಡಬಲ್ಲ ಸಂಗತಿಗೂ) ಅಪಾಯ ಅನ್ನುತ್ತೇವೆ, 'ರಿಸ್ಕ್'ಗೂ (ಅದರಿಂದ ನಮಗೆ ಕೆಡುಕಾಗುವ ಸಾಧ್ಯತೆ, ಆಗುವ ಕೆಡುಕಿನ ಪ್ರಮಾಣ ಎರಡೂ ಸೇರಿದ್ದಕ್ಕೂ) ಅಪಾಯ ಅನ್ನುತ್ತೇವೆ. ಬೇರೆ ಕಡೆ ಇದು ನಡೆದುಹೋಗಬಹುದು. ಇಲ್ಲಿ ವಿಷಯವೇ ತಲೆಕೆಳಗಾಗುತ್ತದೆ.

ಹೇಗೆ ಅಂದರೆ, ಒಂದು ದನದ ಕೊಟ್ಟಿಗೆಯನ್ನು ನೆನೆಸಿಕೊಳ್ಳಿ. ಗಾಡಿ ಹೋಗುವಷ್ಟು ಅಗಲದ ಬಾಗಿಲು, ಹೊಸ್ತಿಲೇ ಇಲ್ಲ. ಒಳಗಿನ ನೆಲ ಅಂಗಳದ ಮಟ್ಟಕ್ಕೇ ಇದೆ. ಗೋಡೆಯ ಇಟ್ಟಿಗೆ ಮೇಲೆ ಮೊಣಕಾಲೆತ್ತರಕ್ಕೆ ನೀರು ನಿಂತ ಕಲೆ. ಇಷ್ಟು ವರ್ಷ ನೀರು ಬಂದಾಗ ದನ ಹೊರಗೆ ಹೊಡೆದು, ಹುಲ್ಲು ಅಟ್ಟಕ್ಕೇರಿಸಿ, ಆಮೇಲೆ ನೆಲ ತೊಳೆದರೆ ಮುಗಿಯುತ್ತಿತ್ತು. ಈಗ ಅದೇ ನೆಲದ ಮೇಲೆ ಮಗುವಿನ ಹಾಸಿಗೆ ಬರುತ್ತದೆ. ಬರುವ ನೀರು ಒಂದು ಹನಿಯೂ ಜಾಸ್ತಿ ಆಗಿಲ್ಲ. ರಿಸ್ಕ್ ಮಾತ್ರ ಜಾಸ್ತಿ ಆಗಿದೆ, ಅಲ್ವಾ? ಇಂಗ್ಲೆಂಡಿನ ನಿಯಮಗಳೂ ಹೀಗೇ ನೋಡುತ್ತವೆ. ನೆರೆ ಬಂದರೆ ಎಷ್ಟು ಹಾನಿಯಾಗುತ್ತದೆ ಎಂದು ನೋಡಿ ಗುಂಪು ಮಾಡಿದ್ದಾರೆ. ಬೇಸಾಯದ ಕಟ್ಟಡ 'ಲೆಸ್ ವಲ್ನರಬಲ್' (ಕಡಿಮೆ ಹಾನಿಯಾಗುವ) ಗುಂಪಿನಲ್ಲಿದೆ, ವಾಸದ ಮನೆ 'ಮೋರ್ ವಲ್ನರಬಲ್' (ಹೆಚ್ಚು ಹಾನಿಯಾಗುವ) ಗುಂಪಿನಲ್ಲಿದೆ.

ಅದಕ್ಕೇ ನಾನು ಹೀಗೆ ಬೇರ್ಪಡಿಸಿದ್ದೇನೆ. ಹಜಾರ್ಡ್ ಅಂದರೆ ನೆರೆಯೇ, ಅದಕ್ಕೆ ಇನ್ನೊಂದು ಪದ ಬೇಡ. ರಿಸ್ಕ್‌ಗೆ ಮಾತ್ರ 'ಅಪಾಯ'. ಆಗ 'ನೆರೆ ಅಷ್ಟೇ ಇದೆ, ಅಪಾಯ ಹೆಚ್ಚಿದೆ' ಅಂತ ಯಾರಿಗಾದರೂ ತಿಳಿಯುವಂತೆ ಹೇಳಬಹುದು. ವಲ್ನರಬಲ್‌ಗೆ 'ದುರ್ಬಲ' ಬರೆಯಲು ಮನಸ್ಸಾಗಲಿಲ್ಲ. ಗಟ್ಟಿ ಕಲ್ಲಿನ ಗೋಡೆಯ ಮನೆಯೂ ಈ ಗುಂಪಿಗೇ ಸೇರುತ್ತದೆ. 'ಜಾಸ್ತಿ ಪೆಟ್ಟು ತಿನ್ನುವ ಬಳಕೆ' ಅಂತ ಬರೆದಿದ್ದೇನೆ. ಇದಕ್ಕಿಂತ ಚೊಕ್ಕ ಪದ ಇದ್ದರೆ ಕೊಡಿ.

ಇನ್ನೊಂದು, 'ನೂರು ವರ್ಷಕ್ಕೊಮ್ಮೆ ಬರುವ ನೆರೆ'. ಇದನ್ನು ಬಿಡಲೇಬೇಕು ಅನ್ನಿಸುತ್ತದೆ. ಅಲ್ಲಿ ನೆರೆಯ ಸಾಧ್ಯತೆ ನೋಡಿ ಜಾಗಗಳನ್ನು 'ಫ್ಲಡ್ ಜೋನ್' ಎಂಬ ವಲಯಗಳಾಗಿ ಗುರುತಿಸುತ್ತಾರೆ. ಫ್ಲಡ್ ಜೋನ್ 3 ಅಂದರೆ, ಹೊಳೆಯ ಮಟ್ಟಿಗೆ, ಯಾವುದೇ ಒಂದು ವರ್ಷದಲ್ಲಿ ನೆರೆ ಬರುವ ಸಾಧ್ಯತೆ 1% ಅಥವಾ ಅದಕ್ಕಿಂತ ಜಾಸ್ತಿ ಇರುವ ಜಾಗ. ಜೋನ್ 2ರಲ್ಲಿ ಅದು 0.1%ರಿಂದ 1%. 'ನೂರು ವರ್ಷಕ್ಕೊಮ್ಮೆ' ಅಂದ ಕೂಡಲೇ ಓದುವವರು 'ಹೋದ ವರ್ಷ ಬಂದಾಯ್ತು, ಇನ್ನು ನಮ್ಮ ಕಾಲಕ್ಕಿಲ್ಲ' ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿದರೆ, ವರ್ಷಕ್ಕೆ 1% ಇದ್ದರೂ 30 ವರ್ಷದಲ್ಲಿ ಒಮ್ಮೆಯಾದರೂ ನೀರು ನುಗ್ಗುವ ಸಾಧ್ಯತೆ ಸುಮಾರು 26%. ಮನೆ ಸಾಲ ತೀರುವುದರೊಳಗೆ, ನಾಲ್ಕರಲ್ಲಿ ಒಂದು ಪಾಲು! ನಾನು 'ವರ್ಷವರ್ಷವೂ ನೂರರಲ್ಲೊಂದು ಸಾಧ್ಯತೆ' ಎಂದು ಬರೆದಿದ್ದೇನೆ. ಉದ್ದವಾದರೂ ಯಾರೂ ಮೋಸ ಹೋಗುವುದಿಲ್ಲ.

'ರೆಸಿಲಿಯನ್ಸ್'ಗೆ (ಪೆಟ್ಟು ತಿಂದ ಮೇಲೂ ಬೇಗ ಸುಧಾರಿಸಿಕೊಳ್ಳುವ ಗುಣಕ್ಕೆ) 'ಚೇತರಿಕೆ' ಸಾಕು ಅಂದುಕೊಂಡಿದ್ದೇನೆ. ಪ್ಲಗ್ ಪಾಯಿಂಟ್‌ಗಳನ್ನು ಎತ್ತರಕ್ಕಿಟ್ಟು, ನೆಲಕ್ಕೆ ಕಲ್ಲು ಹಾಸಿದರೆ ಮನೆ ಬೇಗ ಚೇತರಿಸಿಕೊಳ್ಳುತ್ತದೆ.

ಕೊನೆಯದಾಗಿ 'ಬಾರ್ನ್'. ಕೊಟ್ಟಿಗೆ ದನಕ್ಕೆ, ಕಣಜ ಕಾಳಿಗೆ. ಹುಲ್ಲು, ಕಾಳು, ನೇಗಿಲು ಎಲ್ಲ ಒಂದೇ ಸೂರಿನಡಿ ಇಡುವ ದೊಡ್ಡ ಕಟ್ಟಡಕ್ಕೆ ನಿಮ್ಮ ಕಡೆ ಒಂದೇ ಪದ ಇದೆಯಾ? ಇದ್ದರೆ ಯಾವ ಕಡೆಯ ಬಳಕೆ ಅನ್ನುವುದನ್ನೂ ಬರೆಯಿರಿ.