ಸಹಾಯ ಬೇಕು: ಲಿಬ್ರೆ ಆಫೀಸ್‌ನಲ್ಲಿ ತುಂಗಾ ಫಾಂಟಿನ ಬದಲಿಗೆ ಯಾವುದು?

ದಾವಣಗೆರೆಯ ಡಿಟಿಪಿ ಅಂಗಡಿಯ ಹಳೇ ಸಿಸ್ಟಮ್‌ಗೆ ಲಿನಕ್ಸ್ ಮಿಂಟ್ (ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿ, ವರ್ಡ್ ಥರದ ಉಚಿತ ಲಿಬ್ರೆ ಆಫೀಸ್ ದಿನದ ಕೆಲಸಕ್ಕೆ ಸಾಕಾಗುತ್ತಾ ಅಂತ ನೋಡ್ತಿದ್ದೀವಿ. ಬಿಲ್ಲು, ಇಂಗ್ಲಿಷ್ ಪತ್ರ, ಪಿಡಿಎಫ್ ಎಲ್ಲಾ ಸಲೀಸು. ಕನ್ನಡದ್ದೇ ತಲೆನೋವು.

ಗಿರಾಕಿಗಳು ವರ್ಡ್‌ನಲ್ಲಿ, ವಿಂಡೋಸಿನ ಕನ್ನಡ ಫಾಂಟ್ ತುಂಗಾದಲ್ಲಿ ಮಾಡಿ ತರೋ ಒಂದು ಪುಟದ ಕರಾರು ಪತ್ರ ಇಲ್ಲಿ ಎರಡು ಪುಟ ಆಗುತ್ತೆ, ಸಾಕ್ಷಿಗಳ ಸಹಿ ಜಾಗ ಮಾತ್ರ ಆಚೆ ಪುಟಕ್ಕೆ! ತುಂಗಾ ಇಲ್ಲದ್ದಕ್ಕೆ ನೋಟೊ ಸಾನ್ಸ್ ಕನ್ನಡ ಫಾಂಟ್ ಬಂದು ಕೂರುತ್ತೆ. ಅದೇ 14 ಸೈಜಲ್ಲೂ ಅಕ್ಷರ ದೊಡ್ಡದು. ಸಿಟಿಎಲ್ (ಕನ್ನಡದಂಥ ಲಿಪಿಗಳದ್ದು) ಫಾಂಟ್ ಸೈಜು 12ಕ್ಕೆ ಇಳಿಸಿದರೆ ಪುಟ ಹಿಡಿಯುತ್ತೆ, ಆದರೆ ಫೈಲು ವಾಪಸ್ ವರ್ಡ್‌ಗೆ ಹೋದಾಗ ಅಕ್ಷರ ಇರುವೆ ಸಾಲಿನಷ್ಟು ಚಿಕ್ಕದು. ಲೈನ್ ಸ್ಪೇಸಿಂಗ್ ಫಿಕ್ಸೆಡ್ ಮಾಡಿದರೆ 'ರಾಷ್ಟ್ರ'ದಂಥ ಒತ್ತಕ್ಷರ ಕತ್ತರಿಸುತ್ತೆ. ವಿಂಡೋಸಿಂದ ತುಂಗಾ ಕಾಪಿ ಮಾಡೋದು ಲೈಸೆನ್ಸ್ ಪ್ರಕಾರ ಸರಿಯಲ್ಲ, ಅದು ಬೇಡ.

ಆಪ್ಷನ್ಸ್‌ನ ಫಾಂಟ್ ರೀಪ್ಲೇಸ್‌ಮೆಂಟ್ ಟೇಬಲ್‌ನಲ್ಲಿ ತುಂಗಾ ಬದಲಿಗೆ ಹಾಕೋಕೆ ಲೋಹಿತ್, ಗುಬ್ಬಿ, ನವಿಲು ಫಾಂಟುಗಳಲ್ಲಿ ಯಾವುದರ ಅಳತೆ ತುಂಗಾಗೆ ಹತ್ತಿರ? ಮಾಡಿ ನೋಡಿದವರು ಹೇಳ್ತೀರಾ?