ಸಹಾಯ ಬೇಕು: ಮನಸ್ಸು ಬಿಚ್ಚಿ ಮಾತಾಡೋ ಸಣ್ಣ ಗುಂಪು ಶುರು ಮಾಡ್ಬೇಕು

ಎಲ್ಲರಿಗೂ ನಮಸ್ಕಾರ, ನಾನಿರೋದು ಮೈಸೂರಲ್ಲಿ. ಹೋದ ವರ್ಷ ಅಪ್ಪ ತೀರಿಕೊಂಡ್ಮೇಲೆ ಒಂದು ವಿಷ್ಯ ಗೊತ್ತಾಯ್ತು, ಫೋನಲ್ಲಿ ನಾನೂರು ನಂಬರ್ ಇದ್ರೂ "ಯಾಕೋ ಆಗ್ತಿಲ್ಲ ಕಣೋ" ಅಂತ ಹೇಳ್ಕೊಳ್ಳೋಕೆ ಒಬ್ರೂ ಸಿಗ್ಲಿಲ್ಲ, ಸಿಕ್ಕೋರೆಲ್ಲ ಎರಡೇ ನಿಮಿಷಕ್ಕೆ ಬುದ್ಧಿ ಹೇಳೋಕೆ ಶುರು ಮಾಡ್ತಿದ್ರು.

ಅದಕ್ಕೆ ಆರೇಳು ಜನ ಸೇರಿ ಹದಿನೈದು ದಿನಕ್ಕೊಂದ್ಸಲ ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಹತ್ರ ಕೂತು ಮಾತಾಡೋಣ ಅಂತಿದೀನಿ. ಭಾಷಣ ಬೇಡ, ಗುರುಗಳೂ ಬೇಡ. 1935ರಲ್ಲಿ ಅಮೆರಿಕದ ಏಕ್ರನ್ ಊರಲ್ಲಿ ಕುಡಿತ ಬಿಡೋಕೆ ಒದ್ದಾಡ್ತಿದ್ದ ಇಬ್ರು ಮಾತಾಡ್ಕೊಂಡಿದ್ರಿಂದಾನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನೋ, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗೋ ಗುಂಪು ಹುಟ್ಟಿದ್ದು, ಅವರ ಎಷ್ಟೋ ಮೀಟಿಂಗಲ್ಲಿ ಒಬ್ರು ಮಾತಾಡ್ವಾಗ ಉಳಿದೋರು ಮಧ್ಯ ಬಾಯಿ ಹಾಕಲ್ಲ, ಸಲಹೆ ಕೊಡಲ್ಲ, ಸುಮ್ನೆ ಕೇಳ್ತಾರೆ. ನನಗೆ ತುಂಬಾ ಇಷ್ಟವಾಗಿದ್ದು ಅದೇ. ನಮ್ ಕಡೆ ಕೇಳೋದೇ ಕಮ್ಮಿ ಆಗಿದೆ ಅನ್ಸುತ್ತೆ.

ಈಗ ನನ್ ಪ್ರಶ್ನೆ. ಇಂಥ ಗುಂಪು ನಡೆಸಿದೋರು ಯಾರಾದ್ರೂ ಇದೀರಾ? ಹೇಳಿದ್ದು ಹೊರಗೆ ಹೋಗದ ಹಾಗೆ ನೋಡ್ಕೊಳ್ಳೋದು ಹೇಗೆ, ಅದರಲ್ಲೂ ಒಂದೇ ಬಡಾವಣೆಯವರು ಇದ್ರೆ? ಒಬ್ರೇ ಮುಕ್ಕಾಲು ಗಂಟೆ ಮಾತಾಡ್ತಾ ಹೋದ್ರೆ ನೋಯಿಸದೆ ನಿಲ್ಸೋದು ಹೇಗೆ? ಯಾರಾದ್ರೂ ತೀರಾ ಕುಸಿದಿದ್ರೆ ಅದು ನಮ್ ಕೈಲಾಗೋ ಕೆಲಸ ಅಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಮೊದಲ ದಿನವೇ ಎಲ್ರಿಗೂ ಕೊಡ್ತೀನಿ, ಅದು ಫ್ರೀ. ಹೆಣ್ಮಕ್ಕಳಿಗೂ ಆರಾಮಾಗಿ ಕೂತು ಮಾತಾಡೋ ಹಾಗಿರ್ಬೇಕು ಅಂತ ಆಸೆ, ಅದಕ್ಕೆ ಏನ್ ಮಾಡ್ಬೇಕು ಅಂತ ಅವರೇ ಹೇಳಿದ್ರೆ ಒಳ್ಳೇದು. ಮೈಸೂರಲ್ಲಿ ಇರೋರು ಬರೋ ಮನಸ್ಸಿದ್ರೆ ಮೆಸೇಜ್ ಮಾಡಿ.